ಮಣ್ಣಿನ ವಸಂತ ಮೃಗಶಿರೆಗೆ

ವಸಂತ ಬಂತೆಂದು ಪಂಚಾಂಗ ಹೇಳಿದರೆ ಠಾಣೆಯ ಮರಗಳು ಹೌದೆನ್ನುತ್ತವೆ. ಯೇವೂರಿನ ಕಾಡಿನಲ್ಲಿ ಮುತ್ತುಗ, ಹಾಲುವಾಣಗಳು ಎಲೆ ಉದುರಿಸಿ ಮೈತುಂಬ ಹೂ ಹೊತ್ತು ನಿಲ್ಲುತ್ತವೆ. ಒಪ್ಪದಿರುವುದು ಮಣ್ಣು ಮಾತ್ರ. ಡೊಂಬಿವಲಿಯ ನಮ್ಮ ಸೊಸೈಟಿಯ ಹಿಂಬದಿಯ ನೆಲ ಯುಗಾದಿಯ ಹೊತ್ತಿಗೆ ಬಿರುಕು ಬಿಟ್ಟು, ಗುದ್ದಲಿ ಹಾಕಿದರೆ ಠಣ್ಣೆನ್ನುತ್ತದೆ. ಆಗ ಹಸಿ ಕೆಸರು ಬೇಕೆಂದರೆ ಕಡಲ ನೀರು ಒಳನುಗ್ಗುವ ಖಾಡಿಗೇ ಹೋಗಬೇಕು. ವಾಶಿಯ ಸೇತುವೆ ದಾಟುವಾಗ ಇಳಿತದ ಹೊತ್ತಾಗಿದ್ದರೆ ಉಪ್ಪು, ಗಂಧಕ, ಕೊಳೆತ ಎಲೆ ಎಲ್ಲ ಬೆರೆತ ವಾಸನೆ ರೈಲಿನ ಡಬ್ಬಿಯೊಳಗೆ ನುಗ್ಗುತ್ತದೆ. ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಫ್ಲೆಮಿಂಗೊಗಳು ಅದೇ ಕೆಸರಿನಲ್ಲಿ ಕೊಕ್ಕು ಬೋರಲು ಹಾಕಿ, ಸೋಸಿ ಸೋಸಿ ಉಣ್ಣುತ್ತಿರುತ್ತವೆ. 2022ರಲ್ಲಿ ಠಾಣೆ ಖಾಡಿ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದು ಇಂಥ ಊಟಗಾರರ ಪುಣ್ಯದಿಂದ. ಇರಲಿ, ಅದು ಹಕ್ಕಿಗಳ ಪಾಲಿನ ಕೆಸರು. ನನ್ನ ಪಾಲಿನದಕ್ಕೆ ಜೂನ್‌ವರೆಗೆ ಕಾಯಬೇಕು.

ರೋಹಿಣಿ ಮುಗಿದು ಮೃಗಶಿರೆ ಕಾಲಿಡುವುದು ಜೂನ್ 7-8ರ ಸುಮಾರಿಗೆ. ಮೊದಲ ಹನಿ ಬಿದ್ದಾಗಿನ ಘಮವನ್ನು ಎಲ್ಲರೂ ಹೊಗಳಿ ಮುಗಿಸಿದ್ದಾರೆ. ಕನೌಜಿನ ಅತ್ತರಿನವರು ಸೀಸೆಗೆ ತುಂಬಿ ಮಾರುತ್ತಲೂ ಇದ್ದಾರೆ. ನನಗೆ ಅದಕ್ಕಿಂತ ಹೆಚ್ಚು ಇಷ್ಟ, ನಾಲ್ಕು ಮಳೆ ಸರಿಯಾಗಿ ಹೊಡೆದ ಮೇಲಿನ ವಾಸನೆ. ಅದು ತಾನಾಗಿ ಗಾಳಿಯಲ್ಲಿ ತೇಲಿ ಬರುವಂಥದ್ದಲ್ಲ, ಬಗ್ಗಿ ಕೆದಕಿದವರಿಗಷ್ಟೇ ಸಿಗುತ್ತದೆ. ಅದರ ಮೂಲ ಜಿಯೋಸ್ಮಿನ್. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಾಣುಗಳು ಇದನ್ನು ತಯಾರಿಸುತ್ತವೆ. ಬೀಟ್‌ರೂಟಿಗಿರುವ ಮಣ್ಣುಮಣ್ಣು ರುಚಿಯೂ ಇದರದೇ. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಹಿಡಿದುಬಿಡುತ್ತದಂತೆ. ಕಾರ್ಖಾನೆಗಳ ಗಾಳಿ ಕುಡಿದು ಮೊಂಡಾದ ಡೊಂಬಿವಲಿಯ ಮೂಗೂ ಇದಕ್ಕೆ ಹೊರತಲ್ಲ. ಅಸಲಿಗೆ ಈ ಪರಿಮಳ ನಮಗಾಗಿ ಬೀರಿದ್ದೇ ಅಲ್ಲ. ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಷ್ಟು ಪುಟ್ಟದಾದ, ಚಿಮ್ಮುವ ಬಾಲದ ಜೀವಿಗಳು ಇದಕ್ಕೆ ಮರುಳಾಗಿ ಬರುತ್ತವೆ, ಆ ಸೂಕ್ಷ್ಮಾಣುಗಳನ್ನು ಮೇಯುತ್ತವೆ, ಅವುಗಳ ಬೀಜಕಣಗಳನ್ನು ಹೊತ್ತು ಹರಡುತ್ತವೆ ಎಂದು 2020ರ ಒಂದು ಸಂಶೋಧನೆ ತೋರಿಸಿತು. ಅಂದರೆ ನಾನು ಕರೆಯದ ಮದುವೆಗೆ ಹೋಗಿ, ಮೊದಲ ಪಂಕ್ತಿಯಲ್ಲೇ ಕೂತು ಉಂಡುಬರುವ ಗಿರಾಕಿ.

ಮೂಗಿನದಾದ ಮೇಲೆ ಕೈಯ ಸರದಿ. ನಮ್ಮ ಮಣ್ಣು ಶುದ್ಧ ಕುಲದ್ದಲ್ಲ. ಅಡಿಯಲ್ಲಿ ಈ ಸೀಮೆಯ ಕರಿಕಲ್ಲು ಸವೆದ ಮುರುಮ್, ಅದರ ಮೇಲೆ ಬಿಲ್ಡರು ಬಿಟ್ಟುಹೋದ ಇಟ್ಟಿಗೆ ಚೂರು, ಬಾತ್‌ರೂಮಿನ ನೀಲಿ ಟೈಲ್ಸಿನ ಓಡು, ಎಲ್ಲಕ್ಕಿಂತ ಮೇಲೆ ನರ್ಸರಿಯಿಂದ ಗೋಣಿಯಲ್ಲಿ ಬಂದ ಕೆಂಪು ಮಣ್ಣು ಮತ್ತು ಸೆಗಣಿ ಗೊಬ್ಬರ. ಬಿಸಿಲಲ್ಲಿ ಇವು ಪರಸ್ಪರ ಮುಖ ನೋಡುವುದಿಲ್ಲ. ಮಳೆ ಬಿದ್ದು ಎರಡು ದಿನವಾಗುವಷ್ಟರಲ್ಲಿ ಕಲಸಿಕೊಂಡು ಒಂದೇ ಕುಟುಂಬವಾಗಿರುತ್ತವೆ. ಒಂದು ಹಿಡಿ ಎತ್ತಿ ಹಿಸುಕುತ್ತೇನೆ. ನೀರು ಹೆಚ್ಚಾಗಿದ್ದರೆ ಬೆರಳ ಸಂದಿಯಿಂದ ನುಣ್ಣಗೆ ಜಾರಿ ಮುಂಗೈ ಮೇಲೆ ಇಳಿಯುತ್ತದೆ. ಹದ ಬಂದಿದ್ದರೆ ಉಂಡೆ ಕಟ್ಟುತ್ತದೆ, ಹೆಬ್ಬೆರಳು ತಾಗಿಸಿದರೆ ಹಿತವಾಗಿ ಒಡೆಯುತ್ತದೆ. ಮೇಲೆ ಬೆಚ್ಚಗಿದ್ದ ಮಣ್ಣು ಗೇಣುದ್ದ ಕೆಳಗೆ ತಣ್ಣಗಿರುತ್ತದೆ. ಎರೆಹುಳುಗಳು ರಾತ್ರೋರಾತ್ರಿ ಕಕ್ಕಿದ ಗುಳಿಗೆಗಳ ಗುಪ್ಪೆಯನ್ನು ತುಳಿಯಲು ಮನಸ್ಸಾಗುವುದಿಲ್ಲ. ಚಪ್ಪಲಿ ಬಿಟ್ಟು ನಿಂತರೆ ಕೆಸರು ಕಾಲ್ಬೆರಳುಗಳ ನಡುವಿನಿಂದ ಪಿಚಕ್ಕನೆ ಮೇಲೇಳುತ್ತದೆ. ಪೆಡಿಕ್ಯೂರಿಗೆ ದುಡ್ಡು ತೆರುವವರ ಬಗ್ಗೆ ನನಗೆ ಕನಿಕರವಿದೆ.

ಇದೇ ವಾರಗಳಲ್ಲಿ ಕಲ್ಯಾಣ, ಡೊಂಬಿವಲಿ ಸ್ಟೇಷನ್ನಿನ ಹೊರಗೆ ಆದಿವಾಸಿ ಹೆಂಗಸರು ಕಾಡುಸೊಪ್ಪು ಹರಡಿ ಕೂರುತ್ತಾರೆ. ಮೊದಲ ಮಳೆಗೆ ನೆಲ ಸೀಳಿಕೊಂಡು ಬರುವ ಶೇವಳಾ, ಅದರ ತುರಿಕೆ ಮುರಿಯಲು ಜೊತೆಗೆ ಹುಳಿಯಾದ ಕಾಕಡ ಕಾಯಿ, ಪಕ್ಕದಲ್ಲಿ ಎಳೆ ಟಾಕಳಾ. ಟಾಕಳಾ ಎಂದರೆ ನಮ್ಮ ತಗಚೆ, ತುಳುವರ ತಜಂಕ್. ಕಟ್ಟಿನ ಬೇರಿಗೆ ಮಣ್ಣು ಅಂಟಿಕೊಂಡೇ ಇರುತ್ತದೆ. ಮಾಲ್‌ಗಳಲ್ಲಿ ತೊಳೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಸೊಪ್ಪಿಗೆ ಈ ಭಾಗ್ಯ ಎಲ್ಲಿಯದು?

ಪ್ರತಿ ವರ್ಷ ಸೊಸೈಟಿಯ ಮೀಟಿಂಗಿನಲ್ಲಿ ಹಿಂಬದಿಗೂ ಪೇವರ್ ಬ್ಲಾಕ್ ಹಾಸಿಬಿಡೋಣ ಎಂಬ ಮಾತು ಏಳುತ್ತದೆ. ಮಕ್ಕಳ ಕಾಲಿನ ಕೆಸರು ಲಿಫ್ಟಿನವರೆಗೆ ಬರುತ್ತದಂತೆ. ಎಲ್ಲರಿಗಿಂತ ಜೋರಾಗಿ “ಚಿಖಲ್ ನಕೋ”, ಕೆಸರು ಬೇಡ, ಎನ್ನುವವರು ಎರಡನೇ ಮಹಡಿಯ ಕಾಕಾ. ಮೃಗಶಿರೆ ಹೊಡೆದ ಮರುದಿನ ಪೈಜಾಮ ಮೊಣಕಾಲಿಗೆ ಸುತ್ತಿಕೊಂಡು, ಮೊಳಕೆ ಬಂದ ಅರಿಸಿನದ ಕೊಂಬು ಹಿಡಿದು ಅದೇ ಕೆಸರಿಗೆ ಇಳಿಯುವವರೂ ಅವರೇ. ನಾಗಪಂಚಮಿಗೆ ಅವರ ಮನೆಯಲ್ಲಿ ಪಾತೋಳ್ಯಾ ಆಗಬೇಕು, ನಮ್ಮ ಮನೆಯಲ್ಲಿ ಅರಿಸಿನ ಎಲೆಯ ಗಟ್ಟಿ. ಎಲೆ ಇಬ್ಬರಿಗೂ ಇದೇ ಮಡಿಯದು. ಕಳೆದ ಸಲ ಅಗಲದ ಎಲೆಗಳೆಲ್ಲ ಎರಡನೇ ಮಹಡಿ ಏರಿದವು. ಈ ಸಲ ನಾನೂ ಹುಷಾರು. ಮುಂದಿನ ಎರಡು ಸಾಲು ನಮ್ಮದೆಂದು ಈಗಲೇ ಹೇಳಿಟ್ಟಿದ್ದೇನೆ. ಕಾಕಾ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ, “ಮೊದಲು ಆ ಟೈಲ್ಸ್ ಚೂರು ಆರಿಸು” ಅಂದರು.