ಅಂಜುದೀವಿಗೆ ಬಂದುಹೋದವರು

ಅಂಕೋಲೆಯಲ್ಲಿ ಕಾರವಾರದ ಬಸ್ಸು ಹತ್ತಿದವರು ಎಡಗಡೆಯ ಕಿಟಕಿಯನ್ನೇ ಹಿಡಿಯಬೇಕು. ಅಮದಳ್ಳಿ, ಅರ್ಗಾ ದಾಟಿ ಬಿಣಗಾ ಹತ್ತಿರವಾದಂತೆ ಕಡಲಿನಲ್ಲೊಂದು ಹಸಿರು ದಿಬ್ಬ. ಅದೇ ಅಂಜುದೀವು. ಬಸ್ಸಿನಲ್ಲಿ ಯಾರೂ ಅತ್ತ ಕತ್ತು ತಿರುಗಿಸುವುದಿಲ್ಲ. ಮಾವಿನ ಕಾಲದಲ್ಲಂತೂ ಇಶಾಡು ಡಜನ್ನಿಗೆ ಎಷ್ಟು ಎಂಬುದೇ ಮಾತು. ಅದೂ ಸರಿಯೇ ಅನ್ನಿ.

ಶಾಲೆಯಲ್ಲಿ ನಮಗೆ ಕಲಿಸಿದ್ದು ಕಲ್ಲಿಕೋಟೆ. 1498ರಲ್ಲಿ ವಾಸ್ಕೋ ಡ ಗಾಮ ಬಂದ, ಭಾರತವನ್ನು ‘ಕಂಡುಹಿಡಿದ’, ಎರಡು ಅಂಕ. ಊರಿಗೆ ಮರಳುವಾಗ, ಅದೇ ಸೆಪ್ಟೆಂಬರ್ ಕೊನೆಗೆ, ಅವನು ಅಂಜುದೀವಿನಲ್ಲಿ ಲಂಗರು ಹಾಕಿ ಹಡಗು ರಿಪೇರಿ ಮಾಡಿಸಿಕೊಂಡದ್ದನ್ನು ಯಾರೂ ಹೇಳಲಿಲ್ಲ. ಆಗ ಸುಮಾರು ನಲವತ್ತರ ಒಬ್ಬ ಗೃಹಸ್ಥ ಅಲ್ಲಿಗೆ ಬಂದ. ತಲೆಗೆ ಮುಂಡಾಸು, ಸೊಂಟಕ್ಕೆ ಕತ್ತಿ. ಬಂದವನೇ ಗಾಮನನ್ನು ಅಪ್ಪಿಕೊಂಡ. ಬಾಯಿ ತೆರೆದರೆ ವೆನಿಸ್ಸಿನ ಭಾಷೆ! ಗೋವೆಯ ಅಧಿಪತಿಯ ಚಾಕರಿಯಲ್ಲಿದ್ದ ಯಹೂದಿ ಅವನು. ಗಾಮನಿಗೆ ಗುಮಾನಿ ಬಂತು. ಹೊಡೆಸಿ ಬಾಯಿಬಿಡಿಸಿ, ಗೂಢಚಾರನೆಂದು ಪೋರ್ಚುಗಲ್ಲಿಗೆ ಹೊತ್ತೊಯ್ದ. ಕ್ರೈಸ್ತನಾದ ಮೇಲೆ ಅವನ ಹೆಸರು ಗಾಸ್ಪರ್ ಡ ಗಾಮ. ಹೊಡೆಸಿದವನ ಮನೆತನದ ಹೆಸರೇ ಅಂಟಿತು ನೋಡಿ.

ಈ ಆಸಾಮಿ ಎಲ್ಲಿಯವನು ಎಂಬುದಕ್ಕೆ ವಿದ್ವಾಂಸರು ಇನ್ನೂ ಜಗಳಾಡುತ್ತಾರೆ. ಪೋಲೆಂಡಿನ ಪೋಜ್ನಾನ್ ಮೂಲ ಎಂದು ಕೆಲವರು, ಹುಟ್ಟಿದ್ದು ಅಲೆಕ್ಸಾಂಡ್ರಿಯಾದಲ್ಲಿ ಎಂದು ಕೆಲವರು, ಅಲ್ಲ, ಗ್ರನಾಡಾ ಎಂದು ಮತ್ತೊಬ್ಬರು. ಏಟು ತಿನ್ನುತ್ತ ಹೇಳಿದ ಜನ್ಮವೃತ್ತಾಂತವನ್ನು ಅಷ್ಟು ನೆಚ್ಚಬೇಕೇ? ಮುಂದಿನದು ಮಾತ್ರ ಖಚಿತ. 1500ರಲ್ಲಿ ಪೋರ್ಚುಗೀಸ್ ನೌಕಾಪತಿ ಕಬ್ರಾಲನ ಜೊತೆ ದುಭಾಷಿಯಾಗಿ ಹೊರಟು ದಾರಿಯಲ್ಲಿ ಬ್ರೆಜಿಲ್ ನೋಡಿದ. ವಾಪಸು ಬರುವಾಗ, 1501ರಲ್ಲಿ, ಆಫ್ರಿಕಾದ ಪಶ್ಚಿಮ ತೀರದಲ್ಲಿ ಅಮೆರಿಗೊ ವೆಸ್ಪುಚಿಗೆ ಸಿಕ್ಕಿ ಇಲ್ಲಿನ ಬಂದರುಗಳ ಸುದ್ದಿ ಹೇಳಿದ. ಯಾರ ಹೆಸರಿನಿಂದ ಅಮೆರಿಕ ಆಯಿತೋ ಆ ವೆಸ್ಪುಚಿಗೆ ಪಾಠ ಹೇಳಿದವನು ನಮ್ಮ ಬಿಣಗಾದೆದುರು ಸೆರೆಸಿಕ್ಕವನು!

ಆಫ್ರಿಕಾ ಸುತ್ತಿ ಬಂದ ಜಲಮಾರ್ಗದ ಹೆಚ್ಚಳ ಗಾಮನಿಗೇ ಇರಲಿ. ವೆನಿಸ್ಸಿನ ಭಾಷೆ ಆಡುವವನೊಬ್ಬ ಆಗಲೇ ಗೋವೆಯಲ್ಲಿ ಸಂಬಳ ಎಣಿಸುತ್ತಿದ್ದ ಮೇಲೆ, ‘ಕಂಡುಹಿಡಿದ’ ಎಂಬ ಉತ್ತರಕ್ಕೆ ನಾನಾದರೆ ಅರ್ಧ ಅಂಕವನ್ನೂ ಕೊಡಲಾರೆ.

ಮುಂಬಯಿಯ ಕಥೆಯೂ ಇಲ್ಲೇ ಸಿಕ್ಕಿಕೊಂಡಿತ್ತು. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗೀಸರು ಅದನ್ನು ಇಂಗ್ಲೆಂಡಿನ ಅರಸನಿಗೆ ವರದಕ್ಷಿಣೆಯಾಗಿ ಬರೆದುಕೊಟ್ಟರು. ತೆಗೆದುಕೊಳ್ಳಲು ಬಂದರೆ ಬಿಟ್ಟುಕೊಡಲಿಲ್ಲ. (ವರದಕ್ಷಿಣೆಯ ತಕರಾರು ಅರಮನೆಯನ್ನೂ ಬಿಟ್ಟಿಲ್ಲ.) ಹಾಗೆ ಬಂದಿದ್ದ ಇಂಗ್ಲಿಷ್ ದಂಡನಾಯಕ ಅಬ್ರಹಾಂ ಶಿಪ್‌ಮನ್ ತನ್ನ ಸುಮಾರು ನಾನೂರು ಸೈನಿಕರೊಂದಿಗೆ ಅಂಜುದೀವಿನಲ್ಲಿ ಕಾದು ಕೂತ. ರೋಗ ಬಡಿಯಿತು. 1664ರಲ್ಲಿ ಶಿಪ್‌ಮನ್ ಅಲ್ಲೇ ಸತ್ತ. ಮರುವರ್ಷ ಮುಂಬಯಿ ಕೈಗೆ ಬಂದಾಗ ಉಳಿದವರು ನೂರರ ಆಸುಪಾಸು.

ಆಮೇಲೆ ಅಂಜುದೀವಿನಲ್ಲಿ ಮತ್ತೆ ಪೋರ್ಚುಗೀಸರು, ಕೋಟೆ, ಇಗರ್ಜಿ. 1961ರ ಡಿಸೆಂಬರಿನಲ್ಲಿ ಅದನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು. ಈಗ ಅದು ನೌಕಾನೆಲೆಯ ಕಾವಲಿನಲ್ಲಿದೆ. ಕಾರವಾರದ ಕಣ್ಣೆದುರಿಗಿದ್ದರೂ ಕಂದಾಯದ ಲೆಕ್ಕದಲ್ಲಿ ಇವತ್ತಿಗೂ ಗೋವೆಯ ಕಾಣಕೋಣ ತಾಲೂಕಿನದು.