ಚೌಕದಲ್ಲಿ ಬರೆದ ಧಾರಣೆ

ಬಾದಾಮಿಯ ಕೆಂಪು ಬಂಡೆಗಳನ್ನು ಬೆನ್ನಿಗೆ ಬಿಟ್ಟು ಸುಮಾರು 5 ಕಿಲೋಮೀಟರು ಸಾಗಿದರೆ ದಾರಿಯ ಬಣ್ಣವೇ ಬದಲಾಗುತ್ತದೆ. ಬಿಸಿಲಿನಲ್ಲಿ ಕಾದ ಕಲ್ಲಿನ ನಾಡಿನ ನಡುವೆ ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳು ಒಮ್ಮೆಲೇ ಎದುರಾಗುತ್ತವೆ. ಇದೇ ಪುರಾಣದ ತಿಲಕಾರಣ್ಯ; ಚೊಳಚಗುಡ್ಡದ ಸೀಮೆಯ ಬನಶಂಕರಿ. ಯಾತ್ರಿಕನ ದೃಷ್ಟಿಗೆ ದೇವಾಲಯಕ್ಕಿಂತ ಮೊದಲು ಬೀಳುವುದು ಅದರ ಮುಂದಿನ ಹೊಂಡ. ಹರಿದ್ರಾತೀರ್ಥವೆಂದು ಕರೆಯಲಾಗುವ ಈ ಪುಷ್ಕರಣಿಯ ಒಂದೊಂದು ಬದಿಯೂ ಸುಮಾರು 360 ಅಡಿ. ನಾಲ್ಕು ಬದಿ, ನಾಲ್ಕು ಮೂಲೆ, ಮೂರು ಕಡೆ ಕಲ್ಲಿನ ಕಂಬಗಳ ಸಾಲುಮಂಟಪ. ಬಯಲಿನಲ್ಲಿ ಯಾರೋ ದೊಡ್ಡದೊಂದು ರಂಗವಲ್ಲಿಯ ಹೊರಗೆರೆಯನ್ನು ಎಳೆದು, ಒಳಗೆ ನೀರು ತುಂಬಿಸಿದಂತೆ ಅದು ತೋರುತ್ತದೆ.

ಈಗಿನ ಗುಡಿಯನ್ನು ಮರಾಠ ಸರದಾರ ಪರಶುರಾಮ ಅಗಳೆ 1750ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ಕ್ಷೇತ್ರ ಮಾತ್ರ ಅದಕ್ಕಿಂತ ಬಹಳ ಹಳೆಯದು. ಗರ್ಭಗುಡಿಯಲ್ಲಿ ಸಿಂಹವಾಹಿನಿಯಾಗಿ, ಎಂಟು ತೋಳುಗಳೊಡನೆ, ಕಪ್ಪು ಶಿಲೆಯ ದೇವಿ ಕುಳಿತಿದ್ದಾಳೆ. ಆಕೆಗೆ ಶಾಕಂಭರಿ ಎಂಬ ಹೆಸರೂ ಉಂಟು. ನೂರು ವರ್ಷ ಮಳೆಯಿಲ್ಲದೆ ಲೋಕ ಬೆಂದಾಗ, ದೇವಿ ತನ್ನ ಮೈಯಿಂದಲೇ ಕಾಯಿಪಲ್ಯಗಳನ್ನು ಬೆಳೆದು ಜೀವಿಗಳನ್ನು ಸಲಹಿದಳೆಂಬ ಕಥೆ ದೇವೀಮಾಹಾತ್ಮ್ಯದಲ್ಲಿ ಬರುತ್ತದೆ. ಅದರ ನೆನಪಿಗೆಂದೇ ಬನದ ಹುಣ್ಣಿಮೆಯ ತೇರಿಗೆ ಮುನ್ನ ಇಲ್ಲಿ ಪಲ್ಯೇದ ಹಬ್ಬ ನಡೆಯುತ್ತದೆ. 108 ಬಗೆಯ ಪಲ್ಯಗಳ ನೈವೇದ್ಯ. ಬೇರೆ ದೇವತೆಗಳನ್ನು ಜನ ಮೋಕ್ಷ ಬೇಡಿಯಾರು, ಸಂಪತ್ತು ಬೇಡಿಯಾರು. ಮಳೆಯನ್ನು ನೆಚ್ಚಿದ ಈ ನಾಡು ಬನಶಂಕರಿಯನ್ನು ಬೇಡಿದ್ದು ಊಟವನ್ನು.

ಅನ್ನ ಎಲ್ಲಿಯೋ ಅಲ್ಲಿಯೇ ಅನ್ನದ ಬೆಲೆಯ ಚಿಂತೆಯೂ ಇರುತ್ತದೆ. ಪುಷ್ಯಮಾಸದ ಹುಣ್ಣಿಮೆಗೆ ಆರಂಭವಾಗಿ ವಾರಗಟ್ಟಲೆ ನಡೆಯುವ ಬನಶಂಕರಿಯ ಜಾತ್ರೆ, ನಾಟಕ ಕಂಪನಿಗಳ ಜಾತ್ರೆಯೆಂದು ಹೆಸರಾಗಿದ್ದರೂ ಮೊದಲಿನಿಂದಲೂ ಅದೊಂದು ದೊಡ್ಡ ಪೇಟೆ. ಒಂದು ಕಡೆ ಮರದ ಬಾಗಿಲು ಚೌಕಟ್ಟುಗಳು ಸಾಲಾಗಿ ನಿಂತಿರುತ್ತವೆ. ಇನ್ನೊಂದು ಕಡೆ ಖಡಕ್ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಮೊಸರು ಹೊತ್ತ ಹೆಂಗಸರು. ದನಗಳ ಪೇಟೆಯಲ್ಲಿ ನಡೆಯುವ ವ್ಯಾಪಾರವನ್ನಂತೂ ಪಟ್ಟಣದ ಮಕ್ಕಳು ಕಣ್ಣರಳಿಸಿ ನೋಡಬೇಕು. ಕೊಳ್ಳುವ ರೈತ ಎತ್ತಿನ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಅನಂತರ ಅದರ ಮೈಮೇಲಿನ ಸುಳಿಗಳನ್ನು ಹುಡುಕುತ್ತಾನೆ. ಕೂದಲು ಸುತ್ತಿಕೊಂಡು ನಿಂತ ಆ ಸಣ್ಣ ವೃತ್ತ ಇಂಥ ಜಾಗದಲ್ಲಿದ್ದರೆ ಮನೆಗೆ ಐಶ್ವರ್ಯ, ಇಂಥ ಜಾಗದಲ್ಲಿದ್ದರೆ ಕೇಡು. ಹಲ್ಲು ಎತ್ತಿನ ವಯಸ್ಸನ್ನು ಹೇಳಿದರೆ, ಸುಳಿ ಯಜಮಾನನ ಭವಿಷ್ಯವನ್ನು ಹೇಳುತ್ತದೆಂಬುದು ನಂಬಿಕೆ.

ಸುಳಿ ಒಪ್ಪಿಗೆಯಾದ ಮೇಲೆ ಬೆಲೆಯ ಮಾತು. ಆದರೆ ಮಾತೇ ಇಲ್ಲ! ದಲ್ಲಾಳಿ ಹೆಗಲ ಮೇಲಿನ ವಸ್ತ್ರವನ್ನು ಕೈಮೇಲೆ ಹೊದಿಸುತ್ತಾನೆ. ಅದರೊಳಗೆ ಬೆರಳುಗಳು ಬೆರಳುಗಳನ್ನು ಹಿಡಿಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಬೆಲೆ ಎಂಬುದು ಎಲ್ಲರ ಕಣ್ಣೆದುರಿನಲ್ಲೇ ಹುಟ್ಟುತ್ತದೆ. ಆದರೆ ಹುಟ್ಟುವ ಗಳಿಗೆಯವರೆಗೆ ಅದು ಯಾರಿಗೂ ತಿಳಿದಿರುವುದಿಲ್ಲ.

ಆ ಬಟ್ಟೆಯೊಳಗೆ ಇಣುಕುವ ಆಸೆ ಮನುಷ್ಯನಿಗೆ ಬಹಳ ಹಳೆಯದು. ಯುಗಾದಿಯ ದಿನ ಪಂಚಾಂಗ ಶ್ರವಣಕ್ಕೆ ಕುಳಿತ ಮನೆಗಳಲ್ಲಿ ವರ್ಷದ ರಾಜ, ಮಂತ್ರಿಗಳ ಹೆಸರಿನೊಂದಿಗೆ ಅರ್ಘಾಧಿಪತಿಯ ಹೆಸರೂ ಕೇಳಿಬರುತ್ತದೆ. ಅರ್ಘವೆಂದರೆ ಬೆಲೆ, ಆ ವರ್ಷದ ಧಾರಣೆಗೆ ಒಡೆಯನಾದ ಗ್ರಹ ಅವನು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಿ, ಮಳೆ-ಬೆಳೆ ಹಾಗೂ ಪೇಟೆಯ ಏರಿಳಿತಕ್ಕೆ ಅರ್ಥ ಹಚ್ಚುವವರು ಇಂದಿಗೂ ಇದ್ದಾರೆ. ಆದರೆ ಬೆಲೆಯನ್ನು ಗೆರೆ ಮತ್ತು ಮನೆಗಳಲ್ಲಿ ಹಿಡಿಯಲೆತ್ನಿಸಿದ ಅತ್ಯಂತ ಪೂರ್ಣವಾದ ಆಕೃತಿ ಸರ್ವತೋಭದ್ರ ಚಕ್ರವೇ ಸರಿ. 12ನೆಯ ಶತಮಾನದ ‘ನರಪತಿಜಯಚರ್ಯಾ’ ಎಂಬ ಸಂಸ್ಕೃತ ಗ್ರಂಥ ಅದನ್ನು ವಿವರಿಸುತ್ತದೆ.

ಹೆಸರು ಚಕ್ರವಾದರೂ ಆಕಾರ ಚೌಕ. ಅಡ್ಡಕ್ಕೆ 9, ಉದ್ದಕ್ಕೆ 9. ಒಟ್ಟು 81 ಮನೆಗಳು. ಹೊರಸುತ್ತಿನಲ್ಲಿ ಅಭಿಜಿತ್ ಸೇರಿ 28 ನಕ್ಷತ್ರಗಳು. ಅದರೊಳಗಿನ ಸುತ್ತಿನಲ್ಲಿ ಅವಕಹಡಾದಿ 20 ಅಕ್ಷರಗಳು. ಅದಕ್ಕೂ ಒಳಗೆ 12 ರಾಶಿಗಳು. ನಡುವಿನ 5 ಮನೆಗಳಲ್ಲಿ ನಂದಾ, ಭದ್ರಾ, ಜಯಾ, ರಿಕ್ತಾ, ಪೂರ್ಣಾ ಎಂಬ ತಿಥಿಗಳು. ಮೂಲೆಯಿಂದ ಮೂಲೆಗೆ 16 ಸ್ವರಗಳು. ಇವೆಲ್ಲವನ್ನು ಕೂಡಿದರೆ ಸರಿಯಾಗಿ 81. ಒಂದು ಮನೆಯೂ ಖಾಲಿ ಉಳಿಯುವುದಿಲ್ಲ. ಆಕಾಶ, ಕಾಲ, ನುಡಿ ಮೂರನ್ನೂ ಒಂದೇ ಹಾಳೆಯಲ್ಲಿ ಮಡಿಸಿಟ್ಟ ಚಾತುರ್ಯವಿದು.

ಗ್ರಹವು ತಾನಿರುವ ನಕ್ಷತ್ರದ ಮನೆಯಿಂದ ಎದುರಿಗೆ, ಎಡಕ್ಕೆ, ಬಲಕ್ಕೆ ದೃಷ್ಟಿ ಬೀರುತ್ತದೆ. ಇದಕ್ಕೆ ವೇಧವೆಂದು ಹೆಸರು. ಪದಾರ್ಥದ ಹೆಸರಿನ ಅಕ್ಷರವೋ ನಕ್ಷತ್ರವೋ ಕ್ರೂರಗ್ರಹದ ವೇಧಕ್ಕೆ ಸಿಕ್ಕರೆ ಅದು ಮಹರ್ಘ, ಎಂದರೆ ತುಟ್ಟಿ. ಸೌಮ್ಯಗ್ರಹದ ವೇಧಕ್ಕೆ ಸಿಕ್ಕರೆ ಸಮರ್ಘ, ಎಂದರೆ ಅಗ್ಗ. ಜೋಳ, ಹತ್ತಿ, ಬೆಲ್ಲಗಳಿಗೆ ಹೀಗೆ ಧಾರಣೆ ನೋಡುತ್ತಿದ್ದ ವಿಧಾನವನ್ನೇ ಇಂದು ಕೆಲವರು ಚಿನ್ನ, ಬೆಳ್ಳಿ, ಷೇರುಗಳಿಗೂ ಅನ್ವಯಿಸುತ್ತಾರೆ.

ಈ ಬಗೆಯ ವಿಚಾರ ಬಾದಾಮಿಯ ಗುಹೆಗಳಷ್ಟೇ ಪ್ರಾಚೀನವಾದುದು. ಮೊದಲನೆಯ ಪುಲಕೇಶಿ ಬಾದಾಮಿಯಲ್ಲಿ ಕೋಟೆ ಕಟ್ಟಿದ್ದು 543ರಲ್ಲಿ. ಮಂಗಳೇಶನ ಶಾಸನವಿರುವ ಮೂರನೆಯ ಗುಹೆಯ ಕಾಲ 578. ಅದೇ 6ನೆಯ ಶತಮಾನದಲ್ಲಿ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅರ್ಘಕಾಂಡವೆಂಬ ಅಧ್ಯಾಯವನ್ನೇ ಬರೆದು, ಯಾವ ಸೂಚನೆ ಕಂಡಾಗ ಯಾವ ಸರಕನ್ನು ಕೂಡಿಡಬೇಕು, ಎಷ್ಟು ತಿಂಗಳ ಮೇಲೆ ಮಾರಬೇಕು ಎಂದು ಹೇಳಿದ. ಮನೆ ಕಟ್ಟುವ ನೆಲವನ್ನು 81 ಪದಗಳಾಗಿ ವಿಭಾಗಿಸುವ ಕ್ರಮವೂ ಅದೇ ಗ್ರಂಥದಲ್ಲಿದೆ. ಬಾದಾಮಿಯ ಎರಡನೆಯ ಗುಹೆಯ ಮೇಲ್ಛಾವಣಿಯನ್ನು ತಲೆಯೆತ್ತಿ ನೋಡಿದವರಿಗೆ, ಚೌಕದೊಳಗೊಂದು ಚಕ್ರವೂ ಆ ಚಕ್ರದ ಅರೆಗಳಾಗಿ 16 ಮೀನುಗಳೂ ಕಾಣುತ್ತವೆ. ಚೌಕ ಮತ್ತು ಚಕ್ರಗಳಲ್ಲಿ ಲೋಕವನ್ನು ಕಾಣುವುದು ಆ ಕಾಲದ ಶಿಲ್ಪಿಗೂ ಗಣಿತಜ್ಞನಿಗೂ ಸಮಾನವಾದ ಅಭ್ಯಾಸವಾಗಿತ್ತು.

ವಿಚಿತ್ರವೆಂದರೆ ಇದೇ ಚೌಕ ಸಮುದ್ರದಾಚೆಯೂ ಮೂಡಿತು. ಅಮೆರಿಕದ ಟೆಕ್ಸಾಸಿನಲ್ಲಿ ಹತ್ತಿ ಬೆಳೆಯುವ ಮನೆಯಲ್ಲಿ 1878ರಲ್ಲಿ ಹುಟ್ಟಿದ ವಿಲಿಯಂ ಡೆಲ್ಬರ್ಟ್ ಗ್ಯಾನ್ ಎಂಬಾತ ಪೇಟೆಯ ಮುನ್ನೋಟಕ್ಕೆ ‘ಒಂಬತ್ತರ ಚೌಕ’ವನ್ನು ಬಳಸಿದ. ನಡುಮನೆಯಲ್ಲಿ 1, ಅದನ್ನು ಸುತ್ತಿ 2ರಿಂದ 9, ಹೀಗೆ ಸುರುಳಿಯಾಗಿ ಅಂಕಿಗಳು ಬೆಳೆಯುತ್ತವೆ. 9, 25, 49, 81 ಒಂದೇ ಕರ್ಣದ ಮೇಲೆ ಬಂದು ನಿಲ್ಲುತ್ತವೆ. ಬೆಲೆಗಳು ಇಂಥ ಕೋನಗಳಲ್ಲಿ ತಿರುಗುತ್ತವೆಂಬುದು ಆತನ ಅನುಯಾಯಿಗಳ ವಾದ. ಗ್ಯಾನ್ 1955ರಲ್ಲಿ ತೀರಿಕೊಂಡ. ಆತ ಭಾರತಕ್ಕೆ ಬಂದು ಈ ವಿದ್ಯೆ ಕಲಿತನೆಂಬ ಕಥೆ ಬಹಳ ಪ್ರಚಾರದಲ್ಲಿದೆಯಾದರೂ ಹೋಲಿಕೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. 9ನ್ನು 9ರಿಂದ ಗುಣಿಸಿದರೆ ಟೆಕ್ಸಾಸಿನಲ್ಲಿಯೂ 81, ಬಾದಾಮಿಯಲ್ಲಿಯೂ 81. ಅಂಕಿಗಳ ಸೊಗಸು ಅಂಕಿಗಳದೇ. ಅದು ಹತ್ತಿಯ ಧಾರಣೆಗೆ ಸೇರಿದ್ದಲ್ಲ.

ಹತ್ತಿಯ ಮಾತು ಬಂದಾಗ ಉತ್ತರ ಕರ್ನಾಟಕದವರಿಗೆ ಇನ್ನೊಂದು ಕಥೆಯೂ ನೆನಪಾಗಬೇಕು. ಮುಂಬಯಿಯಲ್ಲಿ ಒಂದು ಕಾಲಕ್ಕೆ, ನ್ಯೂಯಾರ್ಕಿನಿಂದ ತಂತಿಯ ಮೂಲಕ ಬರುತ್ತಿದ್ದ ಹತ್ತಿಯ ಆರಂಭದ ಮತ್ತು ಮುಕ್ತಾಯದ ಧಾರಣೆಯ ಅಂಕಿಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ಅಂಕಿಗಳು ಬರುವುದು ನಿಂತಿತು. ಪಣ ನಿಲ್ಲಲಿಲ್ಲ, ಮಡಕೆಯಿಂದ ಚೀಟಿ ಎತ್ತಿ ಅಂಕಿ ಹುಟ್ಟಿಸಿದರು. ಅದೇ ಮಟ್ಕಾ, ಈ ಕಡೆಯ ಊರುಗಳಲ್ಲಿ ‘ಓಸಿ’, ಅಂದರೆ ಓಪನ್-ಕ್ಲೋಸ್. ಹತ್ತಿ ಹೋಯಿತು, ಧಾರಣೆ ಹೋಯಿತು, ಊಹೆಯ ಚಪಲ ಮಾತ್ರ ಉಳಿಯಿತು. ಎಷ್ಟೋ ಮನೆಗಳ ಒಲೆ ಆರಿದ್ದು ಆ ಚಪಲದಿಂದ.

ಚಕ್ರ ಎಂದೂ ತಪ್ಪುವುದಿಲ್ಲವೆಂದು ಅದರ ಭಕ್ತರಿಗೆ ಏಕೆ ತೋರುತ್ತದೆ? ಉತ್ತರ ಚಕ್ರದಲ್ಲೇ ಇದೆ. ಒಂಬತ್ತು ಗ್ರಹಗಳು ಮೂರು ಮೂರು ಕಡೆಗೆ ನೋಡಿದರೆ 27 ಗೆರೆಗಳು. ಅಷ್ಟು ಗೆರೆಗಳ ಬಲೆಯಲ್ಲಿ ಯಾವ ಪದಾರ್ಥ ತಾನೇ ಸಿಕ್ಕದೆ ಉಳಿದೀತು? ಬೆಲೆ ಏರಿದರೆ ಶನಿಯ ಗೆರೆ ಕಾರಣವಾಗುತ್ತದೆ, ಇಳಿದರೆ ಗುರುವಿನ ಗೆರೆ. ಎರಡಕ್ಕೂ ಕಾರಣ ಕೊಡಬಲ್ಲ ಆಕೃತಿ ನಾಳೆ ಎರಡರಲ್ಲಿ ಯಾವುದು ಆಗುವುದೆಂದು ಹೇಳಲಾರದು.

ಹಳೆಯ ಶಾಸ್ತ್ರದಲ್ಲಿ ಹುರುಳೇ ಇರಲಿಲ್ಲವೆಂದಲ್ಲ. ಸೂರ್ಯನ ಸಂಕ್ರಮಣವೆಂದರೆ ಋತುವಿನ ಸಂಕ್ರಮಣ. ಸುಗ್ಗಿಯಲ್ಲಿ ಅಗ್ಗವಾಗುವ ಧಾನ್ಯ ಮಳೆಗಾಲದ ಹೊತ್ತಿಗೆ ತುಟ್ಟಿಯಾಗುತ್ತದೆ. ಸಮೃದ್ಧಿಯಲ್ಲಿ ಕೂಡಿಟ್ಟವನು ಅಭಾವದಲ್ಲಿ ಬದುಕುತ್ತಾನೆ. ಇದು ನೂರಾರು ಸುಗ್ಗಿಗಳನ್ನು ಕಂಡವರ ಅನುಭವ. ಪಂಚಾಂಗ ಅದನ್ನು ಜೋಪಾನ ಮಾಡಿತು. ಆದರೆ ಬರ ಮುಹೂರ್ತ ನೋಡಿ ಬರುವುದಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮ ಬಾದಾಮಿ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯನ್ನು ಹುರಿದುಹಾಕಿತು. ಜೋಳ ಬಡವನ ಕೈಗೆಟುಕದಷ್ಟು ತುಟ್ಟಿಯಾಯಿತು. ಮಳೆ ಕೈಕೊಟ್ಟ ಆ ಸಂವತ್ಸರದ ಹೆಸರು ಸೃಷ್ಟಿಕರ್ತನನ್ನು ಸೂಚಿಸುವ ‘ಧಾತು’, ಮುಂದಿನದು ‘ಈಶ್ವರ’. ಸತ್ತವರು ಸತ್ತ ಮೇಲೆ ಬಂದದ್ದು ‘ಬಹುಧಾನ್ಯ’! ಹೆಸರುಗಳು ತಮ್ಮ ಲೆಕ್ಕದಂತೆ ತಪ್ಪದೆ ಬಂದವು, ಮಳೆ ಬರಲಿಲ್ಲ.

ಇಂದಿನ ಪೇಟೆಯ ಲೆಕ್ಕವೂ ಕಠಿನವಾಗಿಯೇ ಇದೆ. ಷೇರು ಪೇಟೆಯ ನಿಯಂತ್ರಣ ಮಂಡಳಿಯಾದ ‘ಸೆಬಿ’ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ವಾಯಿದೆ ವ್ಯವಹಾರಕ್ಕೆ ಇಳಿದ ಬಿಡಿ ವ್ಯಕ್ತಿಗಳ ಪೈಕಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಅವರಲ್ಲಿ ಚೌಕ ನೋಡಿದವರೂ ಇದ್ದಾರು, ನೋಡದವರೂ ಇದ್ದಾರು. ಮಕ್ಕಳ ಓದಿಗೆಂದು, ಮಗಳ ಮದುವೆಗೆಂದು ಕೂಡಿಟ್ಟ ಹಣಕ್ಕೆ ಈ ಎರಡರ ವ್ಯತ್ಯಾಸ ತಿಳಿಯದು.

ಹಾಗಾದರೆ ಚೌಕ ನಿಷ್ಪ್ರಯೋಜಕವೇ? ವರಾಹಮಿಹಿರನೇ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದ್ದಾನೆ. ಸರ್ವತೋಭದ್ರವೆಂಬ ಹೆಸರನ್ನು ಆತ ಸುಗಂಧದ್ರವ್ಯಗಳನ್ನು ಬೆರೆಸುವ 16 ಮನೆಗಳ ಒಂದು ಚೌಕಕ್ಕೂ ಕೊಟ್ಟ. ಅದರಲ್ಲಿ 1ರಿಂದ 8ರವರೆಗಿನ ಅಂಕಿಗಳು ಎರಡೆರಡು ಬಾರಿ ಬರುತ್ತವೆ. ಅಡ್ಡಕ್ಕೆ ಕೂಡಿದರೂ ಉದ್ದಕ್ಕೆ ಕೂಡಿದರೂ ಮೊತ್ತ 18. ಆ ಪ್ರಮಾಣದಲ್ಲಿ ದ್ರವ್ಯ ಬೆರೆಸಿದರೆ ಪರಿಮಳ ಬಂದೇ ಬರುತ್ತದೆ. ಅಳತೆಗೆ ಬಳಸಿದ ಚೌಕ ಮೋಸ ಮಾಡಲಿಲ್ಲ.

ಬನಶಂಕರಿಯನ್ನು ಕುಲದೇವತೆಯಾಗಿ ಪೂಜಿಸುವ ದೇವಾಂಗ ನೇಕಾರರಿಗೂ ಈ ಮರ್ಮ ತಿಳಿದದ್ದೇ. ಗುಳೇದಗುಡ್ಡದ ಖಣದಲ್ಲಿ, ಇಳಕಲ್ಲಿನ ಸೀರೆಯಲ್ಲಿ ಎಳೆ ಎಣಿಸಿ ಮೂಡಿಸುವ ಆಕೃತಿಗಳೇ ಎಲ್ಲ. ಇಳಕಲ್ ಸೀರೆಯ ಸೆರಗಿನಲ್ಲಿ ಹಣಿಗೆ ಇದೆ, ಕೋಟೆಯ ಕೊಮ್ಮೆ ಇದೆ, ಜೋಳದ ತೆನೆ ಇದೆ. ಮುಂದಿನ ತಿಂಗಳು ನೂಲಿನ ಧಾರಣೆ ಎಷ್ಟಾದೀತೆಂದು ಮಗ್ಗ ಹೇಳುವುದಿಲ್ಲ. ಆದರೆ ಎಣಿಸಿದ ಎಳೆ ಎಣಿಸಿದಂತೆಯೇ ತೆನೆಯಾಗಿ ಮೂಡುತ್ತದೆ.

ಸಂಜೆಯ ಹೊತ್ತಿಗೆ ಹೊಂಡದ ದಡದಲ್ಲಿ ಮತ್ತೆ ಜನ ಸೇರುತ್ತಾರೆ. ಹರಕೆ ಹೊತ್ತ ತಾಯಿಯೊಬ್ಬಳ ಕೂಸನ್ನು ಬಾಳೆದಿಂಡಿನ ತೆಪ್ಪದಲ್ಲಿ ಮಲಗಿಸಿ, ನೀರಿನ ಮೇಲೆ ತೇಲಿಸಿ, ಮರಳಿ ಆಕೆಯ ಮಡಿಲಿಗೆ ಕೊಡುತ್ತಾರೆ. ಆ ಕೂಸಿನ ನಾಳೆ ಏನೆಂದು ಈ 360 ಅಡಿಯ ಚೌಕಕ್ಕೂ ತಿಳಿಯದು. ಮಳೆ ಬಂದ ವರ್ಷ ಬಂದ ನೀರನ್ನು ಮೂಲೆ ಕೆಡದಂತೆ ಹಿಡಿದಿಟ್ಟು, ಬಾರದ ವರ್ಷಕ್ಕೆ ಕಾಯುವುದಷ್ಟೇ ಅದು ಬಲ್ಲದ್ದು. ಬಯಲಿನ ಅಂಚಿನಲ್ಲಿ ದಲ್ಲಾಳಿಯ ವಸ್ತ್ರದೊಳಗೆ ಕೊನೆಯ ಜೋಡಿ ಎತ್ತುಗಳಿಗಾಗಿ ಬೆರಳುಗಳು ಇನ್ನೂ ಒಂದನ್ನೊಂದು ಹಿಡಿದಿರುತ್ತವೆ.