ಬ್ಲಫ್ ನೋಡಕ್ಕೆ ಹೋದದ್ದು

ನಮ್ಮ ಕೇರಿಯಲ್ಲಿ ಊರು ನೋಡಕ್ಕೆ ಹೋಗುವುದು ಎಂಬ ಮಾತೇ ಇರಲಿಲ್ಲ. ಕೂಲಿಗೆ ಹೋಗುತ್ತಿದ್ದೆವು, ಕಬ್ಬು ಕಡಿಯಕ್ಕೆ ಹೋಗುತ್ತಿದ್ದೆವು, ಸಾವಿಗೆ ಹೋಗುತ್ತಿದ್ದೆವು. ಕಾಲೇಜಿನಲ್ಲಿ ಪ್ರವಾಸ ಕಥನ ಓದಿದೆವು. ಬರೆದವರು ಹೆಂಡತಿ ಮಕ್ಕಳ ಸಮೇತ ಲಂಡನ್ನು, ಪ್ಯಾರಿಸ್ಸು ಸುತ್ತಿದವರು. ಅದನ್ನೇ ಬರೆದು ಪಾಸೂ ಆದೆವು. ನಮ್ಮ ಅವ್ವ ಮಾತ್ರ ಮಂಡ್ಯ ಜಿಲ್ಲೆಯಲ್ಲೇ ಇರುವ ಗಗನಚುಕ್ಕಿಯನ್ನು ಕಂಡಿರಲಿಲ್ಲ.

೨೦೨೩ರ ಜೂನಿನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟು ಹೋಯಿತಲ್ಲ, ಆಮೇಲೆ ಅವ್ವನೇ ಬಾಯಿ ಬಿಟ್ಟಳು: "ಒಂದಿನ ಬ್ಲಫ್ ನೋಡ್ಕಂಡು ಬರಾಣ ಕಣ್ರಪ್ಪ." ಕಾವೇರಿ ತುಂಬಿದ್ದ ಒಂದು ಭಾನುವಾರ ಮಂಡ್ಯದಲ್ಲಿ ಬಸ್ಸು ಹತ್ತಿದೆವು. ಮದ್ದೂರಿನಲ್ಲಿ ಅಕ್ಕ ಎರಡು ಮಕ್ಕಳನ್ನು ಕಟ್ಟಿಕೊಂಡು ಕಾದಿದ್ದಳು. ವಡೆ ಕೊಡಿಸದೆ ಮಕ್ಕಳು ಹೆಜ್ಜೆ ಎತ್ತಲಿಲ್ಲ. ಅವ್ವನ ಗಂಟಿನಲ್ಲಿದ್ದ ಮುದ್ದೆ, ಹುರುಳಿಕಾಳು ಯಾರಿಗೂ ಬೇಡವಾಯಿತು. ಮಳವಳ್ಳಿ ಬರುವಷ್ಟರಲ್ಲಿ ಚಿಕ್ಕವನು ಅಕ್ಕನ ಸೀರೆ ಮೇಲೆ ವಡೆಯನ್ನೆಲ್ಲ ಕಕ್ಕಿದ. ಪ್ರವಾಸ ಕಥನಗಳಲ್ಲಿ ಇದು ಬರುವುದಿಲ್ಲ.

ಗಗನಚುಕ್ಕಿ ಹಾಲಿನ ಹಾಗಿರುತ್ತದೆ ಎಂದು ಕೇಳಿದ್ದೆವು. ಸುಳ್ಳು. ಕೆಂಪು ನೀರು. ಯಾರದೋ ಹೊಲದ ಮಣ್ಣು ಹೊತ್ತು ಧುಮುಕುತ್ತಿತ್ತು. ಅವ್ವ ಕೈ ಮುಗಿಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದಳು.

"ಮಾಮ, ಕರೆಂಟು ಈ ನೀರಲ್ಲೇ ಇರೋದಾ? ಮುಟ್ಟಿದ್ರೆ ಹೊಡೆಯಲ್ವಾ?" ಎಂದಳು ದೊಡ್ಡವಳು.

ಮೇಲುಗಡೆಯೇ ಹೊಳೆಯನ್ನು ನಾಲೆಗೆ ತಿರುಗಿಸಿ, ದಪ್ಪ ಕೊಳವೆಗಳಲ್ಲಿ ಕೆಳಕ್ಕೆ ಬಿಟ್ಟು ಚಕ್ರ ತಿರುಗಿಸುತ್ತಾರೆ ಎಂದು ಹೇಳಿಕೊಟ್ಟೆವು. ೧೯೦೨ರಲ್ಲಿ ಇಲ್ಲಿ ಹುಟ್ಟಿದ ಕರೆಂಟು ೯೨ ಮೈಲಿ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಗಣಿ ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ. ನಾವು ಪುಸ್ತಕದಲ್ಲಿ ನೋಡಿದೆವಲ್ಲ, ಅದೇ ಲಂಡನ್ನು. ಗುಂಡಿಗೆ ಇಳಿಯುತ್ತಿದ್ದವರು ಹೆಚ್ಚಾಗಿ ಆರ್ಕಾಟಿನ ಕಡೆಯ ನಮ್ಮಂಥ ಕೇರಿಗಳ ಜನ. ೧೯೦೫ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ನಮ್ಮ ಕೇರಿಗೆ ಬಂದದ್ದು ಅಪ್ಪ ಐದನೇ ಕ್ಲಾಸಿನಲ್ಲಿದ್ದಾಗ, ಭಾಗ್ಯಜ್ಯೋತಿಯಲ್ಲಿ, ಗುಡಿಸಲಿಗೊಂದು ಬಲ್ಬು. ಅಷ್ಟರಲ್ಲಿ ಎಂಬತ್ತು ವರ್ಷ ಆಗಿತ್ತು. ಗಣಿಯೂ ೨೦೦೧ರಲ್ಲಿ ಮುಚ್ಚಿತು.

ಇಷ್ಟನ್ನು ನಾವು ಪುಸ್ತಕದಿಂದ ಹೇಳಿದೆವು. ಅಲ್ಲೀವರೆಗೂ ಬೀಡಿ ಸೇದುತ್ತಾ ಸುಮ್ಮನಿದ್ದ ಅಪ್ಪ ಆಗ ಹೇಳಿದ:

"ನಮ್ ಮುತ್ತಾತ ಇಲ್ಲಿ ನಾಲೆ ತೋಡಕ್ಕೆ ಬಂದಿದ್ನಂತೆ ಕಣ್ಲಾ."

ನಮಗೆ ಗೊತ್ತೇ ಇರಲಿಲ್ಲ. ಡಿಗ್ರಿ ಮಾಡಿದ ನಮಗೆ, ಪದ್ಯ ಬರೆಯುವ ನಮಗೆ.

"ಇಷ್ಟ್ ದಿನ ಯಾಕಪ್ಪ ಹೇಳ್ಲಿಲ್ಲ?"

"ಅದೇನ್ ಹೇಳದು. ಕೂಲಿಗೆ ಬಂದಿದ್ದ. ಕೆಲ್ಸ ಮುಗೀತು, ವಾಪಸ್ ಬಂದ. ಈ ನೀರ್ ಬೀಳೋದ ನಿಂತ್ಕಂಡು ನೋಡಿದ್ನೋ ಇಲ್ವೋ, ಯಾರಿಗ್ ಗೊತ್ತು."

ಅವ್ವ ತಿರುಗಿ ನೋಡಿದಳು. "ಮೇಸ್ತ್ರಿ ನಿಂತ್ಕಳಕ್ ಬುಟ್ಟಿದ್ರಲ್ವಾ" ಅಂದಳು.

ಹೊರಡೋಣ ಎಂದು ಮಕ್ಕಳು ಎಳೆಯತೊಡಗಿದವು. ಅವ್ವ ಏಳಲಿಲ್ಲ. ಇನ್ನೊಂದು ಚೂರು ಕೂತ್ಕತೀನಿ ಎಂದಳು. ನಾವೂ ಕೂತೆವು. ಮುದ್ದೆಯ ಗಂಟು ಬಿಚ್ಚಿದಳು. ಈಗ ಎಲ್ಲರಿಗೂ ಬೇಕಾಯಿತು.

ಸಂಜೆ ಮಳವಳ್ಳಿಯಿಂದ ಮದ್ದೂರಿಗೆ ಬರುವಾಗ ಚಿಕ್ಕವನು ಕಿಟಕಿಗೆ ಮೂಗು ಒತ್ತಿ ಕರೆಂಟು ಕಂಬ ಎಣಿಸುತ್ತಿದ್ದ. ಇಪ್ಪತ್ತರವರೆಗೆ ಮಾತ್ರ ಬರುತ್ತದೆ ಅವನಿಗೆ. ಅಲ್ಲಿಗೆ ಬಂದಾಗ ಮತ್ತೆ ಒಂದರಿಂದ ಶುರುಮಾಡುತ್ತಿದ್ದ.